ಪಿಯುಸಿಯಲ್ಲಿ ಎಸ್‌ಇಬಿಎ, ಮ್ಯಾಥ್ಸ್ ಇಲ್ಲ. ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಓದಿದರೆ ಮುಂದೆ ದಾರಿ ಇದೆಯಾ?

ಹಾಲಿನ ಪುಸ್ತಕ

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಈ ವರ್ಷ ಸೆಕೆಂಡ್ ಪಿಯುಸಿ ಕಾಮರ್ಸ್ ಮುಗೀತು, ಕಾಂಬಿನೇಶನ್ ಎಸ್‌ಇಬಿಎ, ಅಂದರೆ ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಸ್ಟ್ಯಾಟ್ಸ್‌ನಲ್ಲಿ 96 ಬಂದಿದೆ. ಮ್ಯಾಥ್ಸ್ ತಗೊಂಡಿರಲಿಲ್ಲ.

ಅಪ್ಪ ಊರಿನ ಡೇರಿಯಲ್ಲಿ ಸೆಕ್ರೆಟರಿ. ಹೈಸ್ಕೂಲಿನಿಂದಲೂ ರಜೆ ಬಂದರೆ ಪುಸ್ತಕ ಬರೆಯುವ ಕೆಲಸ ನನ್ನದು. ಯಾರ ಮನೆಯದು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಎಷ್ಟು ಅಂತ. ಪಿಯುಸಿಯಲ್ಲಿ ಸರಾಸರಿ, ಮಾನಕ ವಿಚಲನೆ, ಸೂಚ್ಯಂಕ ಪಾಠ ಆಗುವಾಗ ಇದೆಲ್ಲ ನಾನು ದಿನಾ ನೋಡಿದ್ದೇ ಅಲ್ವಾ ಅನ್ನಿಸ್ತಿತ್ತು. ಓದಿದರೆ ಇದನ್ನೇ ಓದಬೇಕು ಅಂತ ಆಸೆ.

ಸೋದರಮಾವ ಬೇಡ ಅಂತಾರೆ. "ಬಿ.ಕಾಂ. ಮಾಡು, ಬ್ಯಾಂಕ್ ಪರೀಕ್ಷೆ ಕಟ್ಟು. ಸ್ಟ್ಯಾಟಿಸ್ಟಿಕ್ಸ್ ಓದಿದೋರಿಗೆ ಮೇಷ್ಟ್ರ ಕೆಲಸ ಬಿಟ್ಟು ಇನ್ನೇನಿದೆ" ಅನ್ನೋದು ಅವರ ಮಾತು. ಅಪ್ಪ ಸುಮ್ಮನಿದ್ದಾರೆ, ನನ್ನ ಮುಖ ನೋಡ್ತಾರೆ. ತಾಲ್ಲೂಕು ಕಾಲೇಜಿನ ಬಿ.ಕಾಂ.ನಲ್ಲಿ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಒಂದು ಪೇಪರ್ ಇದೆಯಂತೆ. ಅಷ್ಟು ಸಾಕಾ? ಇಲ್ಲಾ ಮೈಸೂರಿಗೋ ಬೆಂಗಳೂರಿಗೋ ಹೋಗಿ ಸ್ಟ್ಯಾಟ್ಸ್ ಮುಖ್ಯ ವಿಷಯ ಮಾಡಿಕೊಳ್ಳಬೇಕಾ? ಓದಿದವರು, ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ. ಅಡ್ಮಿಷನ್‌ಗೆ ಇನ್ನು ಮೂರು ವಾರ ಇದೆ.

ಧಾರವಾಡದ ಹಳೇ ಮಾಸ್ತರ

ನೋಡವಾ ತಂಗಿ, 31 ವರ್ಷ ಸಂಖ್ಯಾಶಾಸ್ತ್ರ ಕಲಿಸೇನಿ, ಬಿ.ಕಾಂ.ಗೂ ಕಲಿಸೇನಿ, ಬಿ.ಎಸ್ಸಿ.ಗೂ ಕಲಿಸೇನಿ. ಹೆಸರು ಒಂದ ಅದ, ಆದ್ರ ಎರಡೂ ಬ್ಯಾರೆ ಬ್ಯಾರೆ. ಬಿ.ಕಾಂ.ನ್ಯಾಗ ಬರೋ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಒಂದು ಸೆಮಿಸ್ಟರ್, ಭಾಳ ಆದ್ರ ಎರಡು. ಸರಾಸರಿ, ಮಧ್ಯಾಂಕ, ಬಹುಲಕ, ಕಾರ್ಲ್ ಪಿಯರ್ಸನ್‌ನ ಸಹಸಂಬಂಧ, ಒಂದಿಷ್ಟು ರಿಗ್ರೆಶನ್, ಲ್ಯಾಸ್ಪಿಯರ್ಸ್, ಪಾಶೆ, ಫಿಶರ್ ಸೂಚ್ಯಂಕ, ಕಾಲಶ್ರೇಣಿಯೊಳಗ ಚಲಿಸುವ ಸರಾಸರಿ. ಇದರಾಗ ಅರ್ಧಕ್ಕಿಂತ ಹೆಚ್ಚು ನೀ ಎಸ್‌ಇಬಿಎದಾಗ ಮುಗಿಸೇ ಬಂದೀ. ಮತ್ತ ಅದನ್ನ ಓದಿ 96ರ ಬದಲಿ 98 ತಗೊಂಡ್ರ ನಿನಗ ಏನು ಬಂತು?

ಖರೇ ವಿಷಯ ಸುರು ಆಗೂದು ಅದರ ಆಚೆ. ನೂರು ಚೀಲದಾಗ ಹತ್ತು ಚೀಲ ಬಿಚ್ಚಿ ನೋಡಿ ಉಳಿದ ತೊಂಬತ್ತರ ಬಗ್ಗೆ ಎಷ್ಟು ಧೈರ್ಯದಿಂದ ಮಾತಾಡಬಹುದು ಅನ್ನೂದು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನಿಯೊಳಗ ವಿಲಿಯಂ ಗಾಸೆಟ್ ಅಂತ ಒಬ್ಬಾಂವ ಇದ್ದ. ಬಾರ್ಲಿ ಮ್ಯಾಲೆ ಪ್ರಯೋಗ ಮಾಡಬೇಕು, ಆದ್ರ ಕೈಯಾಗ ಇರೂದು ನಾಲ್ಕೋ ಆರೋ ಅಳತಿ ಅಷ್ಟ. ಅಷ್ಟು ಸಣ್ಣ ಮಾದರಿ ಇಟ್ಕೊಂಡು ಏನು ಹೇಳಬಹುದು ಅಂತ ತಲಿ ಕೆಡಿಸಿಕೊಂಡು, 1908ರಾಗ 'ಸ್ಟೂಡೆಂಟ್' ಅನ್ನೋ ಹೆಸರಿಲೆ ಪ್ರಬಂಧ ಬರದ. ನಾವು ಇವತ್ತಿಗೂ ಕಲಿಸೋ ಟಿ-ಪರೀಕ್ಷೆ ಅದ. ಅಂದ್ರ ಇದು ವ್ಯಾಪಾರದ ಅಂಗಳದಾಗ ಹುಟ್ಟಿದ ವಿದ್ಯೆ, ವ್ಯಾಪಾರಕ್ಕ ಯಾರೋ ಆಮ್ಯಾಲೆ ತಂದು ಹಚ್ಚಿದ್ದಲ್ಲ.

ನಿಮ್ಮ ಮಾವಗ ಇನ್ನೊಂದು ಹೇಳು. ದೊಡ್ಡ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯೊಳಗ, 1920ರಾಗ. ಆಂಧ್ರ ವಿಶ್ವವಿದ್ಯಾಲಯದಾಗ ಗಣಿತ ಓದಿ, ಕಲ್ಕತ್ತಾಕ್ಕ ಹೋಗಿ 1943ರಾಗ ಸಂಖ್ಯಾಶಾಸ್ತ್ರದ ಎಂ.ಎ. ಮಾಡಿದ್ರು. ಎರಡೇ ವರ್ಷಕ್ಕ, 1945ರಾಗ, ಅವರು ಬರದ ಪ್ರಬಂಧದಿಂದ ಬಂದ ಕ್ರೇಮರ್-ರಾವ್ ಮಿತಿ (ಒಂದು ಅಂದಾಜು ಎಷ್ಟರಮಟ್ಟಿಗೆ ನಿಖರ ಆಗಬಹುದು ಅನ್ನೂದರ ಗಡಿ) ಇವತ್ತು ಜಗತ್ತಿನ ಎಲ್ಲಾ ಸಂಖ್ಯಾಶಾಸ್ತ್ರ ವಿಭಾಗದಾಗೂ ಕಲಸ್ತಾರ. 2023ರಾಗ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಾಗ ಅವರಿಗೆ 102 ವರ್ಷ. ಹಡಗಲಿ ಬಸ್‌ಸ್ಟ್ಯಾಂಡಿನ್ಯಾಗ ನಿಂತು ಕೇಳಿದ್ರ ಎಷ್ಟು ಮಂದಿಗೆ ಗೊತ್ತದ? ಈ ಸಂಕಟ ನನಗ ಯಾವಾಗ್ಲೂ ಅದ.

ಒಂದು ತೊಡಕು ಮಾತ್ರ ದೊಡ್ಡದದ. ಪಿಯುಸಿಯಾಗ ಮ್ಯಾಥ್ಸ್ ಇಲ್ಲಂದ್ರ ಬಿ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್‌ಗೆ ಹೆಚ್ಚಿನ ಕಾಲೇಜು ಬಾಗಿಲು ತೆಗಿಯಂಗಿಲ್ಲ. ಅದು ತಪ್ಪೂ ಅಲ್ಲ. ಇಂಟಿಗ್ರೇಶನ್ ಬರಲಾರದ ಸಂಭವನೀಯತೆ ವಿತರಣೆ ಹೆಂಗ ಕಲಸ್ತೀ?

ಸಿಲ್ಕ್ ಬೋರ್ಡ್ ಜಂಕ್ಷನ್

ಮಾಸ್ತರ್ ಸರ್, ನಮಸ್ಕಾರ. ನಾನೂ ಕಾಮರ್ಸ್‌ನಿಂದಲೇ ಬಂದವನು, ತುಮಕೂರು ಕಡೆಯವನು. ಈಗ ಬೆಂಗಳೂರಿನಲ್ಲಿ ಒಂದು ಸಾಲ ಕೊಡುವ ಕಂಪನಿಯ ರಿಸ್ಕ್ ಅನಲಿಟಿಕ್ಸ್ ತಂಡದಲ್ಲಿ ಇದ್ದೀನಿ, 9 ವರ್ಷ ಆಯ್ತು.

ತಂಗಿ, ಮೊದಲು ನನ್ನ ದಾರಿ ಹೇಳ್ತೀನಿ. ಬಿ.ಕಾಂ. ಮುಗಿಸಿ ಎಂಐಎಸ್ ಎಕ್ಸಿಕ್ಯುಟಿವ್ ಅಂತ ಸೇರಿದೆ, ತಿಂಗಳಿಗೆ 16,000. ಬೆಳಿಗ್ಗೆ ಎಂಟಕ್ಕೆ ಹೋಗಿ ಎಕ್ಸೆಲ್‌ನಲ್ಲಿ ಪಿವೋಟ್ (ಅಂಕಿಗಳನ್ನ ಗುಂಪು ಮಾಡಿ ಕೂಡಿಸೋದು) ಮಾಡಿ, ನಿನ್ನೆ ಎಷ್ಟು ಸಾಲ ಹೋಯ್ತು, ಎಷ್ಟು ಕಂತು ಬಂತು ಅಂತ ಮೇಲ್ ಹಾಕೋದು. ಎರಡು ವರ್ಷ ಅದೇ. ಆಮೇಲೆ ಡೇಟಾಬೇಸ್‌ನಿಂದ ಅಂಕಿ ತೆಗೆಯೋ ಎಸ್‌ಕ್ಯೂಎಲ್ ಕಲಿತೆ, ಪೈಥಾನ್ ಪ್ರೋಗ್ರಾಮಿಂಗ್ ಕಲಿತೆ, ತಂಡ ಬದಲಾಯ್ತು. ಅಲ್ಲಿ ಲಾಜಿಸ್ಟಿಕ್ ರಿಗ್ರೆಶನ್ ಇಟ್ಟುಕೊಂಡು ಸ್ಕೋರ್‌ಕಾರ್ಡ್ ಕಟ್ಟುವ ಕೆಲಸ. ಅರ್ಜಿ ಹಾಕಿದವರ ವಯಸ್ಸು, ಆದಾಯ, ಹಳೇ ಸಾಲದ ಚರಿತ್ರೆ ನೋಡಿ ಕಂತು ತಪ್ಪಿಸುವ ಸಂಭವ ಎಷ್ಟು ಅಂತ ಹೇಳೋದು.

ಕಂಪ್ಯೂಟರ್‌ನಲ್ಲಿ ಮಾಡೆಲ್ ಓಡಿಸೋದು ನಾಲ್ಕು ಸಾಲಿನ ಕೋಡ್. ನಾನು ಮೊದಲ ಮಾಡೆಲ್ ತೋರಿಸಿದಾಗ ನಮ್ಮ ಮ್ಯಾನೇಜರ್, ಅವರು ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ., ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಇರೋರೆಲ್ಲ ನಾವು ಸಾಲ ಕೊಟ್ಟವರು. ಕೊಡದೇ ವಾಪಸ್ ಕಳಿಸಿದವರು ಎಲ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಕಳಿಸಿದವರು ಸಾಲ ತೀರಿಸುತ್ತಿದ್ದರೋ ಇಲ್ಲವೋ ಅನ್ನೋ ದಾಖಲೆಯೇ ಹುಟ್ಟಿಲ್ಲ. ಆದರೆ ನಾಳೆ ನನ್ನ ಮಾಡೆಲ್ ಅಂಥವರಿಗೂ ಅಂಕ ಕೊಡುತ್ತೆ. ಅವತ್ತು ಗೊತ್ತಾಯ್ತು, ನಾನು ಓದಿದ್ದು ಲೆಕ್ಕ ಮಾಡೋದನ್ನ, ಅವರು ಓದಿದ್ದು ಲೆಕ್ಕ ಎಲ್ಲಿಂದ ಬಂತು ಅನ್ನೋದನ್ನ.

ಹಾಗಾಗಿ ನನ್ನ ಮಾತು ಇಷ್ಟೇ. ಒಂದು ಪೇಪರ್ ಸಾಲದು. ಬಿ.ಕಾಂ. ಕೆಟ್ಟದ್ದಲ್ಲ, ಅಕೌಂಟ್ಸ್ ಗೊತ್ತಿರೋದರಿಂದ ಬ್ಯಾಲೆನ್ಸ್ ಶೀಟ್ ಮುಂದಿಟ್ಟರೆ ನನಗೆ ಭಯ ಇಲ್ಲ, ಬಿ.ಎಸ್ಸಿ.ಯವರು ಅಲ್ಲಿ ತಡವರಿಸ್ತಾರೆ. ಆದರೆ ನಿನಗೆ ಸ್ಟ್ಯಾಟ್ಸ್ ಮೇಲೇ ಪ್ರೀತಿ ಇದ್ದರೆ ಅದು ಮೂರು ವರ್ಷವೂ ಇರುವ ಕೋರ್ಸ್ ಹುಡುಕು.

ಎರಡು ಬಾರಿ ಮೋಸ ಹೋದವ

ಡಿಗ್ರಿಗಿಂತ ಕೋರ್ಸ್ ಮೇಲು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನನ್ನ ಕಥೆ ಕೇಳಿ ಆಮೇಲೆ ದುಡ್ಡು ಕಟ್ಟಿ. ಬಿ.ಬಿ.ಎ. ಮುಗಿಸಿ, ಮೂರು ತಿಂಗಳ ಡೇಟಾ ಸೈನ್ಸ್ ಕೋರ್ಸ್‌ಗೆ 65,000 ಕಟ್ಟಿದೆ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದಿದ್ದರು. ಒಂಬತ್ತು ಸಾಫ್ಟ್‌ವೇರ್ ಹೆಸರು ರೆಸ್ಯೂಮೆಯಲ್ಲಿ ಬಂತು. ಇಂಟರ್‌ವ್ಯೂನಲ್ಲಿ ಕೇಳಿದ್ದು ಒಂದೇ: ಪಿ-ವ್ಯಾಲ್ಯೂ 0.03 ಬಂದಿದೆ, ಇದರ ಅರ್ಥ ಮಾಮೂಲಿ ಮಾತಿನಲ್ಲಿ ಹೇಳಿ. "ನಮ್ಮ ಊಹೆ ತಪ್ಪಾಗುವ ಸಾಧ್ಯತೆ ನೂರಕ್ಕೆ ಮೂರು" ಅಂದೆ. ಅವರು ತಲೆ ಅಲ್ಲಾಡಿಸಿದರು. ಇನ್ನೂ ನಾಲ್ಕು ಕಡೆ ಹೀಗೇ ಆಯ್ತು. ಈಗ ಅಣ್ಣನ ಅಂಗಡಿ ನೋಡಿಕೊಂಡು ಸಂಜೆ ಮೊದಲಿನಿಂದ ಓದ್ತಿದ್ದೀನಿ. 'ಸ್ವಯಂ' ಮತ್ತು 'ಎನ್‌ಪಿಟಿಇಎಲ್' ಅನ್ನೋ ಸರ್ಕಾರಿ ಆನ್‌ಲೈನ್ ತಾಣಗಳಲ್ಲಿ ಪಾಠಗಳು ಪುಕ್ಕಟೆ ಇವೆ, ಪರೀಕ್ಷೆ ಬರೀಬೇಕಾದರೆ ಮಾತ್ರ ಫೀಸು. ಇದು ಯಾರೂ ನನಗೆ ಮೊದಲು ಹೇಳಲಿಲ್ಲ.

ಧಾರವಾಡದ ಹಳೇ ಮಾಸ್ತರ

ತಮ್ಮಾ, ಆ ಪ್ರಶ್ನೆಗೆ ಎಂ.ಎಸ್ಸಿ. ಮಾಡಿದವರೂ ಹಂಗ ತಪ್ಪು ಹೇಳ್ತಾರ, ಮನಸ್ಸಿಗೆ ಹಚ್ಚಿಕೋಬ್ಯಾಡ. ಹಿಂಗ ತಿಳಕೋ. ಹೊಸ ಜಾಹೀರಾತಿನಿಂದ ಅಂಗಡಿ ವ್ಯಾಪಾರ ಏನೂ ಬದಲಾಗಿಲ್ಲ ಅಂತ ಮೊದಲಿಗೆ ಇಟ್ಕೋ. ಖರೇನ ಬದಲಾಗಿಲ್ಲದಿದ್ರ, ನೀ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ಫರಕು ಬರೇ ಆಕಸ್ಮಿಕವಾಗಿ ಕಾಣೂದು ನೂರಕ್ಕ ಮೂರು ಸಲ. ಅಷ್ಟ. ಊಹೆ ತಪ್ಪೋ ಸರಿಯೋ ಅನ್ನೂದರ ಸಂಭವ ಅದಲ್ಲ. ಓದೂದು ಬಿಡಬ್ಯಾಡ.

ಮನೆ ಮನೆ ಸಮೀಕ್ಷೆ

ಸರ್ಕಾರಿ ಕೆಲಸದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ. ಕೇಂದ್ರದ ಸಮೀಕ್ಷೆ ಕೆಲಸದಲ್ಲಿ ಇದ್ದೇನೆ.

ತಂಗಿ, ನಿನ್ನ ಕೋರ್ಸ್ ಆಯ್ಕೆ ಇಲ್ಲಿ ನೇರವಾಗಿ ತಾಗುತ್ತೆ. ಎಸ್‌ಎಸ್‌ಸಿ ಸಿಜಿಎಲ್‌ನಲ್ಲಿ (ಕೇಂದ್ರ ಸರ್ಕಾರದ ಹುದ್ದೆಗಳಿಗೆ ಪದವೀಧರರು ಬರೆಯುವ ಪರೀಕ್ಷೆ) ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆಗೆ ಯಾವುದೇ ಪದವಿಯ ಜೊತೆಗೆ 12ನೇ ತರಗತಿ ಗಣಿತದಲ್ಲಿ ಶೇ. 60 ಇರಬೇಕು, ಇಲ್ಲವೇ ಪದವಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ವಿಷಯವಾಗಿರಬೇಕು. ನಿನಗೆ ಮೊದಲನೆಯದು ಇಲ್ಲ. ಅದೇ ಪರೀಕ್ಷೆಯ ಸ್ಟ್ಯಾಟಿಸ್ಟಿಕಲ್ ಇನ್ವೆಸ್ಟಿಗೇಟರ್ ಹುದ್ದೆಗೆ ಮೂರೂ ವರ್ಷ ಅಥವಾ ಆರೂ ಸೆಮಿಸ್ಟರ್ ಸ್ಟ್ಯಾಟಿಸ್ಟಿಕ್ಸ್ ಓದಿರಬೇಕು ಅಂತ ಅಧಿಸೂಚನೆಯಲ್ಲೇ ಬರೆದಿರುತ್ತಾರೆ. ಬಿ.ಕಾಂ.ನ ಒಂದು ಪೇಪರ್ ಅಲ್ಲಿ ಲೆಕ್ಕಕ್ಕಿಲ್ಲ. ನನ್ನ ಜೊತೆ ಓದಿದ ಗೆಳತಿ ಪರೀಕ್ಷೆ ಪಾಸಾಗಿ, ದಾಖಲೆ ಪರಿಶೀಲನೆ ದಿನ ಅಂಕಪಟ್ಟಿ ಹಿಡಿದು ಅತ್ತದ್ದು ನನಗೆ ಇವತ್ತಿಗೂ ಕಣ್ಣಲ್ಲಿದೆ.

ಇನ್ನೂ ಮೇಲೆ ಹೋಗಬೇಕು ಅಂದರೆ ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್. 21ರಿಂದ 30 ವಯಸ್ಸು, ಮೀಸಲಾತಿ ಇದ್ದರೆ ಸಡಿಲಿಕೆ. ಪದವಿಯಲ್ಲೋ ಸ್ನಾತಕೋತ್ತರದಲ್ಲೋ ಸ್ಟ್ಯಾಟಿಸ್ಟಿಕ್ಸ್ ಇರಬೇಕು. ಇಂಗ್ಲಿಷ್ 100, ಸಾಮಾನ್ಯ ಜ್ಞಾನ 100, ಸ್ಟ್ಯಾಟಿಸ್ಟಿಕ್ಸ್ ನಾಲ್ಕು ಪತ್ರಿಕೆ ತಲಾ 200, ಸಂದರ್ಶನ 200. ಎಂ.ಎಸ್ಸಿ. ಮಟ್ಟದ ಓದು ಇಲ್ಲದೆ ಇದು ಕಷ್ಟ. ರಿಸರ್ವ್ ಬ್ಯಾಂಕಿನಲ್ಲೂ ಅಂಕಿಅಂಶ ವಿಭಾಗಕ್ಕೆ ಬೇರೆಯೇ ಗ್ರೇಡ್ ಬಿ ನೇಮಕಾತಿ ಇದೆ, ಅದಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಬೇಕು. ನಮ್ಮ ರಾಜ್ಯದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಹುದ್ದೆಗಳಿವೆ, ಆದರೆ ವರ್ಷವರ್ಷ ಕರೆಯಲ್ಲ. ಅದನ್ನೇ ನಂಬಿ ಕೂರಬೇಡ.

ಕೆಲಸ ಹೇಗಿರುತ್ತೆ ಅಂದರೆ, ನಿಮ್ಮ ಪುಸ್ತಕದ ಸೂಚ್ಯಂಕ ಪಾಠ ಇದೆಯಲ್ಲ, ಅದರ ಬೆಲೆಗಳನ್ನ ಯಾರೋ ಹೋಗಿ ತರಬೇಕಲ್ಲ? 2012 ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕಕ್ಕೆ 1,181 ಹಳ್ಳಿ, ಪಟ್ಟಣಗಳ 1,114 ಮಾರುಕಟ್ಟೆಯಿಂದ ಬೆಲೆ ಬರುತ್ತಿತ್ತು. ಆ ಸರಣಿಯಲ್ಲಿ ಆಹಾರ ಪಾನೀಯದ ತೂಕವೇ ನೂರಕ್ಕೆ 45.86. ಅಕ್ಕಿ ಬೆಲೆ ತರೋದು ಅಂದರೆ ಸುಮ್ಮನೆ ಅಕ್ಕಿ ಅಲ್ಲ. ಅದೇ ಅಂಗಡಿ, ಅದೇ ತಳಿ, ಅದೇ ಗುಣಮಟ್ಟ. ಒಂದು ಸಲ ಅಂಗಡಿಯವರು "ಮೇಡಂ, ಆ ಅಕ್ಕಿ ಈಗ ಬರ್ತಿಲ್ಲ, ಇದನ್ನೇ ಬರ್ಕೊಳ್ಳಿ, ಎರಡೇ ರೂಪಾಯಿ ಜಾಸ್ತಿ" ಅಂದರು. ಹಾಗೇ ಬರೆದರೆ ಗುಣಮಟ್ಟ ಬದಲಾದದ್ದು ಬೆಲೆ ಏರಿದ ಹಾಗೆ ಕಾಣುತ್ತೆ. ಬಿಸಿಲಲ್ಲಿ ಇನ್ನೂ ಮೂರು ಅಂಗಡಿ ಸುತ್ತಿದೆ. ಮೇಲೆ ಸಿಲ್ಕ್ ಬೋರ್ಡ್ ಅಣ್ಣ ಹೇಳಿದ 'ಲೆಕ್ಕ ಎಲ್ಲಿಂದ ಬಂತು' ಅನ್ನೋ ಮಾತು ನಮ್ಮ ಕೆಲಸದಲ್ಲಿ ದಿನಾ ಎದುರಿಗೆ ಬರುತ್ತೆ.

ಪೀಣ್ಯ ಗಾರ್ಮೆಂಟ್ಸ್

ನಾನು ಕ್ವಾಲಿಟಿ ವಿಭಾಗ. ಎಲ್ಲರೂ ಬ್ಯಾಂಕ್, ಸಾಫ್ಟ್‌ವೇರ್ ಅಂತಿದ್ದಾರೆ, ಕಾರ್ಖಾನೆ ಮರೆತಿದ್ದಾರೆ. ವಿದೇಶಕ್ಕೆ ಹೋಗೋ 2,000 ಶರ್ಟಿನ ಲಾಟ್ ಬಂತು ಅಂದರೆ ಎಲ್ಲಾ ಬಿಚ್ಚಿ ನೋಡಲ್ಲ. ಎಕ್ಯೂಎಲ್ ಪಟ್ಟಿ (ಎಷ್ಟು ದೋಷದ ತನಕ ಲಾಟ್ ಒಪ್ಪಬಹುದು ಅಂತ ಹೇಳೋ ಪಟ್ಟಿ) ನೋಡಿ, ಮಾಮೂಲಿ ತಪಾಸಣೆಯ ಎರಡನೇ ಲೆವೆಲ್‌ಗೆ 125 ಪೀಸ್ ತೆಗೀತೀವಿ. ಎಕ್ಯೂಎಲ್ 2.5 ಆದರೆ 7 ಡಿಫೆಕ್ಟ್ ತನಕ ಪಾಸ್, 8 ಬಂದರೆ ಇಡೀ ಲಾಟ್ ಫೇಲ್. ನಾನು ಡಿಪ್ಲೊಮಾದವನು, ಪಟ್ಟಿ ನೋಡೋದು ಗೊತ್ತು. ಏಳಕ್ಕೂ ಎಂಟಕ್ಕೂ ನಡುವೆ ಗೆರೆ ಯಾಕೆ ಎಳೆದರು ಅನ್ನೋದು ಗೊತ್ತಿರೋದು ನಮ್ಮಲ್ಲಿ ಒಬ್ಬ ಮೇಡಂಗೆ ಮಾತ್ರ, ಸ್ಟ್ಯಾಟಿಸ್ಟಿಕ್ಸ್ ಓದಿದವರು. ಬೈಯರ್ ಕಡೆಯವರು ಬಂದರೆ ಎಲ್ಲರೂ ಅವರನ್ನೇ ಹುಡುಕ್ತಾರೆ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲೇ ಇದೆ, ಕ್ವಾಲಿಟಿ ಬಗ್ಗೆ ಅಲ್ಲಿ ಓದಬಹುದು.

ಕುಡ್ಲದ ವಿಮೆ

ಪುಟ್ಟಿ, ಆಕ್ಚುರಿ ಹೆಸರು ಕೇಳಿದ್ದೀಯಾ? ವಿಮೆ ಕಂಪನಿಯಲ್ಲಿ ಯಾವ ವಯಸ್ಸಿನವರಿಗೆ ಎಷ್ಟು ಪ್ರೀಮಿಯಂ, ನಾಳೆ ಬರುವ ಕ್ಲೇಮಿಗೆ ಇವತ್ತು ಎಷ್ಟು ಹಣ ಎತ್ತಿಡಬೇಕು ಅಂತ ಲೆಕ್ಕ ಹಾಕುವವರು. ಪ್ರವೇಶಕ್ಕೆ ಎಸಿಇಟಿ ಪರೀಕ್ಷೆ, ಪಿಯುಸಿ ಆದ ಮೇಲೆ ಬರೆಯಬಹುದು ಮಾರಾಯ್ತಿ. ಆಮೇಲೆ ಫೆಲೋ, ಅಂದರೆ ಪೂರ್ಣ ಅರ್ಹತೆಯ ಆಕ್ಚುರಿ, ಆಗಲಿಕ್ಕೆ 13 ಪತ್ರಿಕೆ. ನಾನು ಆರು ಪಾಸಾಗಿದ್ದೇನೆ, ಏಳು ವರ್ಷ ಹಿಡಿಯಿತು. ಸಂಬಳ ಪತ್ರಿಕೆಯಿಂದ ಪತ್ರಿಕೆಗೆ ಏರುತ್ತದೆ, ಆದರೆ ಪ್ರತಿ ಪತ್ರಿಕೆಗೂ ಫೀಸು ಕೈಯಿಂದ ಕಟ್ಟಬೇಕು. ಗಣಿತ ಇಲ್ಲದೆ ಎರಡನೆಯದ್ದರಲ್ಲೇ ಸಿಕ್ಕಿಬೀಳುತ್ತಿ. ಹೆದರಿಸಲಿಕ್ಕೆ ಹೇಳಿದ್ದಲ್ಲ, ಗೊತ್ತಿದ್ದು ಇಳಿ.

ಹಾಲಿನ ಪುಸ್ತಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಅಪ್ಪನಿಗೆ ಓದಿ ಹೇಳಿದೆ, ಮಾವನಿಗೂ ಕಳಿಸಿದೆ. ಸಮೀಕ್ಷೆ ಅಕ್ಕ, ನಿಮ್ಮ ಗೆಳತಿಯ ವಿಷಯ ಓದಿ ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಹಾಗಾದರೆ ಮ್ಯಾಥ್ಸ್ ಇಲ್ಲದ ನನಗೆ ಏನು ಉಳಿಯಿತು?

ಧಾರವಾಡದ ಹಳೇ ಮಾಸ್ತರ

ಭಾಳ ಉಳದದವಾ. ಒಂದು, ಕೆಲವು ಕಾಲೇಜಿನ್ಯಾಗ ಬಿ.ಎ. ಅದ, ಅರ್ಥಶಾಸ್ತ್ರದ ಜೋಡಿ ಸಂಖ್ಯಾಶಾಸ್ತ್ರ. ಪಿಯುಸಿ ಕಾಮರ್ಸ್‌ನವರನ್ನ ತಗೋತಾರೇನು ಕೇಳು. ನಮ್ಮಲ್ಲಿ 2024-25ರಿಂದ ಪದವಿ ಮತ್ತ ಮೂರು ವರ್ಷಕ್ಕ ಬಂದದ, ಹಿಂಗಾಗಿ ಮೂರೂ ವರ್ಷ ವಿಷಯ ಇರ್ತದೋ ಇಲ್ಲೋ ಅಂತ ಸಿಲಬಸ್ ಹಾಳಿ ಹಿಡಿದು ನೋಡು, ಬಾಯಿಮಾತು ನಂಬಬ್ಯಾಡ. ಎರಡು, ಎನ್‌ಐಒಎಸ್‌ನ್ಯಾಗ (ಕೇಂದ್ರದ ಮುಕ್ತ ಶಾಲಾ ಸಂಸ್ಥೆ) ಗಣಿತ ಒಂದೇ ವಿಷಯ ತಗೊಂಡು ಬರೀಬಹುದು. ಅದನ್ನ ನೀ ಸೇರೋ ಕಾಲೇಜು ಒಪ್ತದೇನು ಅಂತ ಮೊದಲ ಕೇಳಿ ಆಮ್ಯಾಲೆ ಫೀ ತುಂಬು. ಮುಂದ ಎಂ.ಎಸ್ಸಿ. ಮಾಡಾಕಿ ಇದ್ರ ಮೈಸೂರು, ಧಾರವಾಡ, ಮಂಗಳೂರು, ಬೆಂಗಳೂರು ವಿಶ್ವವಿದ್ಯಾಲಯ ಎಲ್ಲಾ ಕಡೆ ವಿಭಾಗ ಅದಾವ. ಅವರ ಪ್ರವೇಶದ ಅರ್ಹತೆ ಏನು ಅಂತ ಇವತ್ತ ಓದಿಕೋ, ಮೂರು ವರ್ಷ ಆದಮ್ಯಾಲೆ ಅಲ್ಲ.

ಅಲ್ಲೀತನಕ ಮನ್ಯಾಗ ಪುಸ್ತಕ ಅದ ಅಂದ್ಯಲ್ಲ. ಅದನ್ನ ತೆಗಿ. ಒಂದು ಮನಿಯ ಹಾಲು ಬೆಳಿಗ್ಗೆ 6 ಲೀಟರ್, ಫ್ಯಾಟ್ 3.8. ಸಂಜಿಕ್ಕ 4 ಲೀಟರ್, ಫ್ಯಾಟ್ 4.4 ಅಂತ ಇಟ್ಕೋ. ಅವತ್ತಿನ ಸರಾಸರಿ ಫ್ಯಾಟ್ ಎಷ್ಟು?

ಹಾಲಿನ ಪುಸ್ತಕ

4.1 ಅಲ್ಲ ಸರ್, 4.04. ಲೀಟರಿನ ತೂಕ ಹಾಕಬೇಕು. ಬೆಳಿಗ್ಗೆ ಹಾಲು ಜಾಸ್ತಿ, ಫ್ಯಾಟ್ ಕಮ್ಮಿ. ರಾತ್ರಿಯ ಬಿಡುವು ಉದ್ದ, ಅದಕ್ಕೇ ಹಾಗೆ ಅಂತ ಅಪ್ಪ ಹೇಳ್ತಾರೆ.

ಸಿಲ್ಕ್ ಬೋರ್ಡ್ ಜಂಕ್ಷನ್

ನೋಡಿ, ನಮ್ಮಲ್ಲಿ ಎರಡು ವರ್ಷ ಅನುಭವ ಇರೋರೂ ಥಟ್ಟನೆ 4.1 ಅಂತಾರೆ. ತಂಗಿ, ಒಂದು ವರ್ಷದ ಪುಸ್ತಕ ಎಕ್ಸೆಲ್‌ಗೆ ಹಾಕು. ಪಿವೋಟ್ ಬೇಡ, ಮೊದಲು ಫ್ಯಾಟ್ ಅಂಕಿಗಳ ಹಿಸ್ಟೊಗ್ರಾಮ್ (ಯಾವ ಅಂಕಿ ಎಷ್ಟು ಸಲ ಬಂತು ಅಂತ ತೋರಿಸೋ ಕಂಬದ ಚಿತ್ರ) ಮಾತ್ರ ತೆಗಿ. ಏನು ಕಂಡಿತು ಇಲ್ಲಿ ಬರಿ.

ಹಾಲಿನ ಪುಸ್ತಕ

ಹದಿನೇಳು ದಿನ ಆಯ್ತು, ಕ್ಷಮಿಸಿ. ಮೊದಲು ಅಡ್ಮಿಷನ್ ಸುದ್ದಿ. ಮೈಸೂರಿನಲ್ಲಿ ಬಿ.ಎ., ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ. ಆರೂ ಸೆಮಿಸ್ಟರ್ ಇದೆ, ಸಿಲಬಸ್ ಹಾಳೆ ನೋಡಿಯೇ ಸೇರಿದೆ. ಮ್ಯಾಥ್ಸ್‌ಗೆ ಎನ್‌ಐಒಎಸ್ ಅರ್ಜಿ ಹಾಕ್ತಿದ್ದೀನಿ. ಹಾಸ್ಟೆಲ್ ಫೀಸು ಮಾವ ಕಟ್ಟಿದರು.

ಇನ್ನು ಹಿಸ್ಟೊಗ್ರಾಮ್. ಎರಡು ವರ್ಷದ್ದು ತೆಗೆದೆ. ಒಂದು ಅಪ್ಪ ಮೆಷಿನ್ ನೋಡಿ ಕೈಯಲ್ಲಿ ಬರೆಯುತ್ತಿದ್ದ ಹಳೇ ಪುಸ್ತಕ, ಇನ್ನೊಂದು ಈಗ ಕಂಪ್ಯೂಟರ್ ಸ್ಲಿಪ್ ಬರುವ ವರ್ಷದ್ದು. ಹೊಸದರಲ್ಲಿ ಅಂಕಿಗಳು ಗುಡ್ಡದ ಹಾಗೆ ನಿಧಾನ ಏರಿ ಇಳಿಯುತ್ತವೆ. ಹಳೇದರಲ್ಲಿ 3.5ರ ಮೇಲೆ ಒಂದು ಕಂಬವೇ ನಿಂತಿದೆ, 3.4 ಮತ್ತು 3.3 ಹೆಚ್ಚುಕಮ್ಮಿ ಖಾಲಿ. ನಾನೇ ಎಲ್ಲೋ ತಪ್ಪು ಟೈಪ್ ಮಾಡಿದೆ ಅಂದುಕೊಂಡು ಎರಡು ತಿಂಗಳದ್ದು ಮತ್ತೆ ಹಾಕಿದೆ. ಹಾಗೇ ಬಂತು.

ಅಪ್ಪನಿಗೆ ತೋರಿಸಿದೆ. ನಮ್ಮಲ್ಲಿ ಬೇಸ್ ರೇಟ್ ಇರೋದು 3.5ಕ್ಕೆ, ಕೆಳಗೆ ಹೋದರೆ ದುಡ್ಡು ಕತ್ತರಿಸ್ತಾರೆ. ಅಪ್ಪ ಕಂಬದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದರು. "ಒಂದೇ ಹಸು ಇಟ್ಕೊಂಡೋರು ಬರೋರು ಮಗಳೇ. 3.4 ತೋರಿಸಿದರೆ 3.5 ಅಂತ ಬರೀತಿದ್ದೆ" ಅಂದರು. ಬೇರೆ ಏನೂ ಹೇಳಲಿಲ್ಲ.

ಮಾಸ್ತರ್ ಸರ್, ಆ 3.5ಗಳನ್ನ ಏನು ಮಾಡಲಿ? ತೆಗೆದು ಹಾಕಲಾ, ಹೊಸ ವರ್ಷದ್ದು ನೋಡಿ ಸರಿ ಮಾಡಲಾ?

ಧಾರವಾಡದ ಹಳೇ ಮಾಸ್ತರ

ತೆಗೀಬ್ಯಾಡ, ತಿದ್ದಬ್ಯಾಡ. ಹಂಗ ಇಡು. ಪಕ್ಕದಾಗ ಇನ್ನೊಂದು ಕಾಲಂ ಮಾಡಿ 'ಕೈಬರಹ' ಅಂತ ಬರಿ, ಹೊಸದಕ್ಕ 'ಮೆಷಿನ್' ಅಂತ ಬರಿ. ಆಮ್ಯಾಲೆ ಎರಡರ ಸರಾಸರಿ ಬ್ಯಾರೆ ಬ್ಯಾರೆ ತೆಗೆದು ನೋಡು. ಮತ್ತ ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳು.